ಬೀಗದ ಕೈ ಸೈಕಲ್ ಅಂಗಡಿಯಲ್ಲಿ

ಬಾಗಿಲಿಗೆ ಅಂಟಿಸಿದ ಚೀಟಿ ಅಷ್ಟೇ ಹೇಳಿತ್ತು:
ಬೀಗದ ಕೈ ಎದುರಿನ ಸೈಕಲ್ ಅಂಗಡಿಯಲ್ಲಿ.
ನಾರಿಚ್ ಊರಲ್ಲಿ ಓಣಿ ತಿರುಗಿದರೆ ಒಂದು ಹಳೆಯ ಚರ್ಚು.
ಒಂದರಲ್ಲಿ ಬೊಂಬೆಯಾಟ, ಒಂದರಲ್ಲಿ ಹಳೇ ಸಾಮಾನು,
ಇದೊಂದರಲ್ಲಿ ಏನೂ ಇಲ್ಲ. ಅದಕ್ಕೇ ಬೀಗ.

ಡೆಸ್ಮಂಡ್ ಥರ್ಕೆಟಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ.
ಕೈ ಒರೆಸಿಕೊಂಡ; ಒರೆಸಿದ ಬಟ್ಟೆ ಕೈಗಿಂತ ಕಪ್ಪು.
ಗೇಣುದ್ದದ ಕಬ್ಬಿಣವನ್ನು ಮೊಳೆಯಿಂದ ಇಳಿಸಿ,
'ಬರೀ ತಿರುಗಿಸಿದರೆ ತೆರೆಯದು,' ಅಂದ,
'ಮೊದಲು ಬಾಗಿಲನ್ನು ತುಸು ಎತ್ತಬೇಕು,
ನಿದ್ದೆ ಹೋದ ಮಗುವನ್ನು ಎತ್ತಿದ ಹಾಗೆ.
ಬಿಡಿ, ನಿಮ್ಮ ಕೈಲಿ ಆಗದು, ನಾನೇ ಬರುತ್ತೇನೆ.'

ಒಳಗೆ, ಬಾವಿಗೆ ಇಣುಕಿದಾಗ ಮುಖಕ್ಕೆ ಬಡಿಯುವ ತಂಪು.
ಚಕಮಕಿ ಕಲ್ಲಿನ ಗೋಡೆ. ಮೇಣ, ತೇವ,
ಬೆಂಚಿನ ಮೇಲೆ ಸಾಸಿವೆ ಚೆಲ್ಲಿದಂತೆ ಬಾವಲಿಯ ಹಿಕ್ಕೆ.
ಮರದ ಅಡ್ಡತೆರೆಯ ಮೇಲೆ ಹನ್ನೊಂದು ಸಂತರು,
ಹನ್ನೊಂದು ಜನಕ್ಕೂ ಮುಖವಿಲ್ಲ.
ರಾಜನ ಮತ ಬದಲಾದ ಕಾಲಕ್ಕೆ ಯಾರೋ ಉಳಿ ತಂದು
ಕಣ್ಣು ಮೂಗು ತುಟಿ ಹೆರೆದು ಹೋದರಂತೆ,
ನಿಲುವಂಗಿ ಬಿಟ್ಟು,
ಅದರ ಮೇಲಿನ ಚಿನ್ನದ ದಾಳಿಂಬೆಗಳನ್ನು ಬಿಟ್ಟು.
ಹೆರೆದವನಿಗೂ ಅವು ಚೆಂದ ಕಂಡಿರಬೇಕು.

ಈಗ ಕೈಯಲ್ಲಿ ಹಿಡಿದದ್ದರಿಂದಲೇ ಗುರುತು:
ಚಕ್ರ ಹಿಡಿದವಳು. ದೋಣಿ ಹಿಡಿದವನು.
ಇಕ್ಕಳದ ತುದಿಯಲ್ಲಿ ಹಲ್ಲು ಹಿಡಿದವಳು.
'ಹಲ್ಲುನೋವಿಗೆ ಇವಳು.' ಡೆಸ್ಮಂಡ್ ಬಾಯಿ ತೆರೆದು
ದವಡೆ ತೋರಿಸಿದ; ಅಲ್ಲಿ ಎರಡು ಇರಲಿಲ್ಲ.
'ನನ್ನ ಮೊರೆ ಕೇಳಲಿಲ್ಲ. ಏನು ಮಾಡಿಯಾಳು,
ಕಿವಿಯನ್ನೂ ಹೆರೆದಿದ್ದಾರಲ್ಲ.'

ಮೇಲೆ ತೊಲೆತೊಲೆಗೂ ರೆಕ್ಕೆ ಬಿಚ್ಚಿದ ದೇವದೂತರು,
ರೆಕ್ಕೆಯಲ್ಲಿ ಬಂದೂಕಿನ ಗುಂಡು. ಅದು ದ್ವೇಷಕ್ಕಲ್ಲ,
ಒಳಗೆ ಸೇರಿಕೊಂಡ ಕಾಗೆ ಹೊಡೆಯಲು ಹೋಗಿ ತಗುಲಿದ್ದಂತೆ.

ಗೋಪುರ ಹತ್ತಬಹುದೇ, ಕೇಳಿದೆ.
ಅವನು ನನ್ನನ್ನಲ್ಲ, ತನ್ನ ಮಂಡಿಯನ್ನು ನೋಡಿಕೊಂಡ.
ಆಮೇಲೆ ಮುಂದೆ ನಡೆದ.
ಶಂಖದೊಳಗೆ ಸುತ್ತಿದಂತೆ ಮೆಟ್ಟಿಲು,
ಎಷ್ಟೋ ಅಂಗೈ ಸವರಿ ಜಿಡ್ಡಾದ ಹಗ್ಗ,
ನನಗಿಂತ ಒಂದು ಸುತ್ತು ಮೇಲೆ ಅವನ ಏದುಸಿರು.

ಮೇಲೆ ಸೀಸದ ಹಾಳೆ ಹೊದಿಸಿದ ಚಾವಣಿ,
ಆನೆಚರ್ಮದ ಬೂದು,
ಅದರ ತುಂಬ ಹೆಜ್ಜೆ.
ದೇವರ ಪಾದವಲ್ಲ, ಗುರುವಿನ ಪಾದುಕೆಯಲ್ಲ,
ಪೂಜೆಗೆ ಯಾರೂ ಕೊರೆಸಿದ್ದಲ್ಲ.
ಕೆಲಸಕ್ಕೆ ಬಂದವರು ಬುತ್ತಿ ಉಂಡು
ಕಾಲು ಊರಿ, ಸುತ್ತಲೂ ಮೊಳೆಯಲ್ಲಿ ಗೀರಿದ್ದು.
ಚೌಕ ಮೂತಿಯ ಬೂಟು, ಜೆ.ಬಿ., ೧೭೪೧.
ಹಿಮ್ಮಡಿಯ ಲಾಳವನ್ನೂ ಚುಕ್ಕಿ ಇಟ್ಟು ತೋರಿಸಿದವನೊಬ್ಬ.
ಒಂದೇ ಕಾಲಿನವನೋ, ಅವಸರದವನೋ,
ಎಡಗಾಲು ಮಾತ್ರ ಬಿಟ್ಟು ಹೋದವನೊಬ್ಬ.

ಅಂಚಿನ ಹತ್ತಿರ ಚಿಕ್ಕವು ಎರಡು.
ಡಿ.ಟಿ. ಸಿ.ಟಿ.

ಡೆಸ್ಮಂಡ್ ಎತ್ತಲೋ ನೋಡುತ್ತ ಹೇಳಿದ:
'ಆಗ ಅಪ್ಪನ ಕೈಲಿತ್ತು ಬೀಗದ ಕೈ.
ಮೊಳೆ ನಾನು ತಂದಿದ್ದೆ. ಧೈರ್ಯ ಸೆಡ್ರಿಕ್ ತಂದಿದ್ದ.'
ಈಗೆಲ್ಲಿ ಅವರು?
'ಇದ್ದಾನೆ. ಸಮುದ್ರದ ಕಡೆ. ರೈಲಿನಲ್ಲಿ ಮುಕ್ಕಾಲು ಗಂಟೆ.'
ಗಾಳಿ ಸ್ವಲ್ಪ ಹೊತ್ತು ಮಾತಾಡಿತು.
'ಒಂದು ದೋಣಿಯ ಪಾಲಿಗೆ ಜಗಳ, ಇಪ್ಪತ್ತೆರಡು ವರ್ಷ.
ದೋಣಿ ಮುಳುಗಿಯೂ ಆಯಿತು.'

ತನ್ನದರ ಮೇಲೆ ಕಾಲಿಟ್ಟ. ಗೀರು ಪೂರ್ತಿ ಮುಚ್ಚಿಹೋಯಿತು,
ಹುಡುಗ ಇದ್ದನೆಂಬುದೇ ಸುಳ್ಳು ಅನ್ನುವಂತೆ.
ಕಾಲು ತೆಗೆದ; ಹುಡುಗ ಅಲ್ಲೇ ಇದ್ದ.
ತಿರುಗಿ ಬರುವಾಗ ಜೆ.ಬಿ.ಯನ್ನು ತುಳಿದ, ಲಾಳದವನನ್ನು ತುಳಿದ,
ಸಿ.ಟಿ. ಎದುರು ಮಾತ್ರ
ನೋಯುವ ಮಂಡಿಯನ್ನು ಎರಡೂ ಕೈಯಲ್ಲಿ ಎತ್ತಿ
ದಾಟಿಸಿಕೊಂಡ.

ಕೆಳಗೆ ಅಂಗಡಿ ಮುಂದೆ ಒಬ್ಬ ಹುಡುಗಿ
ಗಾಳಿ ಹೋದ ಚಕ್ರ ಹಿಡಿದು ಕಾಯುತ್ತಿದ್ದಳು.
ಬೀಗದ ಕೈ ಮೊಳೆಗೆ ಹೋಯಿತು.
ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಹುಡುಕುತ್ತ,
ತಲೆ ಎತ್ತದೆ ಕೇಳಿದ:
'ಫೋಟೋ ತೆಗೆದಿರಾ, ಎಡಗಡೆಯದರದ್ದು?'
ತೆಗೆದಿದ್ದೆ.
'ಅವನ ಕಾಲು ನನ್ನದಕ್ಕಿಂತ ಒಂದು ಬೆರಳು ಉದ್ದ,' ಅಂದ.
'ಆಗ.'